ಚಪ್ಪಾಳೆಗೆ ನಾಚಬೇಕಿಲ್ಲ

ಬ್ರಾಮ್ಸ್‌ನ ಐದನೆಯ ಹಂಗೇರಿಯನ್ ನೃತ್ಯವನ್ನು ಪಿಯಾನೋ ಜೋಡಿಯೊಂದು ಕಛೇರಿಯಲ್ಲಿ ನುಡಿಸಿದರೆ ಅದು ಸಭೆಗೆ ಕೊಡುವ ಲಂಚ ಎಂದು ಸಹಪತ್ರಿಕೆಯೊಂದರ ಅಂಕಣಕಾರರು ಬರೆದದ್ದನ್ನೂ, ನಾವು ಕೊಟ್ಟ ಉತ್ತರವನ್ನೂ, ಅದಕ್ಕೆ ಬಂದ ಮರುತ್ತರವನ್ನೂ ಓದುಗರು ಬಲ್ಲರು. ಇನ್ನು ಈ ಜಗಳ ಸಾಕು ಎಂದು ಹಿತೈಷಿಗಳು ಹೇಳುತ್ತಿದ್ದಾರೆ. ಆದರೆ ಅಂಕಣಕಾರರ ವಾದದ ಬುಡದಲ್ಲಿರುವ ತಪ್ಪು ಅವರೊಬ್ಬರದಲ್ಲ. ಸಿನಿಮಾ ಹಾಡುಗಳ ಸರಮಾಲೆಯನ್ನೇ ನುಡಿಸಿ, ಇಲ್ಲದಿದ್ದರೆ ಟಿಕೆಟ್ ಹೋಗುವುದಿಲ್ಲ ಎಂದು ವಾದಕರಿಗೆ ಕಟ್ಟಪ್ಪಣೆ ಮಾಡುವ ಸಂಘಟಕರಲ್ಲೂ ಅದೇ ತಪ್ಪು ಇದೆ. ಜನ ಮೆಚ್ಚಿದ್ದೆಲ್ಲ ಹಗುರ ಎಂದು ಅವರು ಹೇಳಿದರೆ, ಹಗುರವಾದದ್ದನ್ನಷ್ಟೇ ಜನ ಮೆಚ್ಚುತ್ತಾರೆ ಎಂದು ಇವರು ಹೇಳುತ್ತಾರೆ. ಕೇಳುಗರ ಬಗ್ಗೆ ಇಬ್ಬರಿಗೂ ಗೌರವವಿಲ್ಲ. ಒಂದೇ ಪಿಯಾನೋದ ಮುಂದೆ ಇಬ್ಬರು ಕೂತಾಗ ಸಭೆ ಒಲಿಯುವುದು ವೇಗಕ್ಕೋ ಸದ್ದಿಗೋ ಪರಿಚಿತ ಮಟ್ಟಿಗೋ ಅಲ್ಲ. ಆ ಇಬ್ಬರ ನಡುವೆ ನಡೆಯುವ ಕೊಡುಕೊಳ್ಳುವಿಕೆಗೆ. ಆದ್ದರಿಂದ ಜನ ಮೆಚ್ಚುವ ಕೃತಿಯನ್ನು ಹುಡುಕುವವರು ಮೊದಲು ಕೈಹಾಕಬೇಕಾದದ್ದು ನಾಲ್ಕು ಕೈಗಳಿಗೆಂದೇ ಬರೆದ ಸಂಗೀತಕ್ಕೆ. ಇದು ನಮ್ಮ ನಿಲುವು.

ಚರಿತ್ರೆ ಈ ನಿಲುವಿನ ಕಡೆಗಿದೆ. ಐದನೆಯ ಹಂಗೇರಿಯನ್ ನೃತ್ಯ ಮೂಲತಃ ವಾದ್ಯವೃಂದದ್ದು, ಪಿಯಾನೋದಲ್ಲಿ ಕೇಳುವುದು ಅದರ ಇಳಿಸಿದ ರೂಪ ಎಂದು ನಂಬಿದವರು ಬಹಳ ಮಂದಿ. ನಡೆದದ್ದು ಇದಕ್ಕೆ ತಿರುಗುಮುರುಗು. ಒಟ್ಟು 21 ನೃತ್ಯಗಳಲ್ಲಿ ಮೊದಲ 10 ಅಚ್ಚಾದದ್ದು 1869ರಲ್ಲಿ, ಉಳಿದ 11 ಬಂದದ್ದು 1880ರಲ್ಲಿ. ಎರಡು ಸಲವೂ ಒಂದು ಪಿಯಾನೋ, ನಾಲ್ಕು ಕೈಗಳಿಗಾಗಿ. ಬ್ರಾಮ್ಸ್ ಸ್ವತಃ ವಾದ್ಯವೃಂದಕ್ಕೆ ಅಳವಡಿಸಿದ್ದು 1, 3 ಮತ್ತು 10ನೆಯವನ್ನು ಮಾತ್ರ. ಐದನೆಯದನ್ನು ಅಲ್ಲಿಗೆ ಒಯ್ದವರು ಬೇರೆಯವರು. 1869ರ ಪುಸ್ತಕಗಳಿಂದ ಲಾಭ ಕಂಡ ಪ್ರಕಾಶಕ ಸಿಮ್ರಾಕ್, ಅಂಥದ್ದೇ ಬೇಕೆಂದು ದ್ವೊರ್ಜಾಕ್‌ನನ್ನು ಕೇಳಿದ. 1878ರಲ್ಲಿ ಎಂಟು ಸ್ಲಾವೋನಿಕ್ ನೃತ್ಯಗಳು ಬಂದವು, ಅವೂ ಮೊದಲು ನಾಲ್ಕು ಕೈಗಳಿಗೆ. ಪ್ರಾಗ್‌ನ ಹೊರಗೆ ದ್ವೊರ್ಜಾಕ್‌ನ ಹೆಸರು ಹಬ್ಬಿದ್ದೇ ಅವುಗಳಿಂದ. ಬಿಜೆಯ ‘ಮಕ್ಕಳ ಆಟಗಳು’ 1871ರ ಹನ್ನೆರಡು ಜೋಡಿವಾದನಗಳು. ದೆಬ್ಯುಸಿಯ ‘ಪೆಟೀತ್ ಸ್ವೀತ್’ 1889ರದು. ಆನ್ರಿ ಬ್ಯುಸೆರ್ ಅದನ್ನು ವಾದ್ಯವೃಂದಕ್ಕೆ ತಂದದ್ದು 1907ರಲ್ಲಿ. ಫೋರೆಯ ‘ಡಾಲಿ’ಯ ಮೊದಲ ತುಣುಕು 1950ರಿಂದ ಬಿಬಿಸಿಯ ಮಕ್ಕಳ ಕಾರ್ಯಕ್ರಮದ ಗುರುತಿನ ರಾಗವಾಗಿ ಬ್ರಿಟನ್ನಿನ ಮನೆಮನೆಯನ್ನೂ ತಲುಪಿತು. ಯುರೋಪಿನ ಜನಪ್ರಿಯ ಸಂಗೀತದ ಎಷ್ಟೋ ಭಾಗ ಪಿಯಾನೋದ ಬೆಂಚಿನ ಮೇಲೆ ಇಬ್ಬರು ಒತ್ತಿ ಕೂತ ಜಾಗದಲ್ಲಿ ಹುಟ್ಟಿದೆ. ಅದನ್ನು ನುಡಿಸುವುದು ಜೋಡಿವಾದಕರು ತಮ್ಮ ಸ್ವಂತ ಆಸ್ತಿಯನ್ನು ಅನುಭವಿಸುವುದೇ ಹೊರತು ಲಂಚವಲ್ಲ.

ಐದನೆಯ ನೃತ್ಯದ ರಾಗ ಬ್ರಾಮ್ಸ್‌ನದಲ್ಲ, ಬೇಲಾ ಕೇಲರ್‌ನ ಚಾರ್ದಾಶ್ ಒಂದರದು ಎಂದು ಅಂಕಣಕಾರರು ಆಕ್ಷೇಪಿಸಿದ್ದಾರೆ. ನಿಜ. ಅದು ಜನಪದ ಮಟ್ಟು ಎಂದು ಬ್ರಾಮ್ಸ್ ಭಾವಿಸಿದ್ದ, ಆ ನೃತ್ಯಗಳಿಗೆ ತನ್ನ ಓಪಸ್ ಸಂಖ್ಯೆಯನ್ನೂ ಕೊಡಲಿಲ್ಲ. ಅವನ ಕಸುಬುದಾರಿಕೆ ಇರುವುದು ಮಟ್ಟಿನಲ್ಲಿ ಅಲ್ಲ, ಅದನ್ನು ಇಬ್ಬರಿಗೆ ಹಂಚಿದ ರೀತಿಯಲ್ಲಿ. ಎಡಗಡೆ ಕೂತು ಮಂದ್ರವನ್ನು ನುಡಿಸುವ ಸೆಕೊಂಡೊ ಕೇವಲ ತಾಳ ಹಿಡಿಯುವವನಲ್ಲ. ಸಾಮಾನ್ಯವಾಗಿ ಪೆಡಲ್ ಅವನ ಕಾಲಲ್ಲಿರುತ್ತದೆ, ಬಲಗಡೆಯ ಪ್ರಿಮೊ ಹಾಡುವ ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದು ಅವನ ಕೈಯಲ್ಲಿದೆ, ಅಂದರೆ ಅವನ ಕಾಲಲ್ಲಿದೆ. ಮಧ್ಯದಲ್ಲಿ ಓಟ ಥಟ್ಟನೆ ತಗ್ಗಿ, ಎಳೆದು, ಮತ್ತೆ ಚಿಮ್ಮುವ ಜಾಗ ಬರುತ್ತದೆ. ಅಲ್ಲಿ ಒಬ್ಬರು ಇನ್ನೊಬ್ಬರ ಉಸಿರನ್ನು ಕಾಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಸಭೆಗೆ ಗೊತ್ತಾಗುತ್ತದೆ. ಸಭೆ ಉಸಿರು ಹಿಡಿಯುವುದೂ ಅಲ್ಲೇ. ಇಡೀ ನೃತ್ಯವನ್ನು ಒಂದೇ ನಾಗಾಲೋಟದಲ್ಲಿ ಮುಗಿಸುವ ಜೋಡಿಗಳು ಈ ಕ್ಷಣವನ್ನೇ ಕೊಲ್ಲುತ್ತಾರೆ. ಅಂಥ ವಾದನವನ್ನು ಕೇಳಿ ಅಂಕಣಕಾರರು ಕೆರಳಿದ್ದರೆ ಅವರ ಸಿಟ್ಟು ನ್ಯಾಯವಾದದ್ದು, ಆದರೆ ಅದು ಹೋಗಬೇಕಾದದ್ದು ವಾದಕರ ಮೇಲೆ, ಕೃತಿಯ ಮೇಲಲ್ಲ.

ರವೆಲ್‌ನ ‘ಮಾ ಮೇರ್ ಲ್ವಾ’ ಇನ್ನೂ ಗಟ್ಟಿ ಸಾಕ್ಷಿ. ಗೊಡೆಬ್‌ಸ್ಕಿ ಮನೆಯ ಇಬ್ಬರು ಮಕ್ಕಳಿಗಾಗಿ ಬರೆದ ಈ ಐದು ತುಣುಕುಗಳನ್ನು 1910ರಲ್ಲಿ ಪ್ಯಾರಿಸಿನ ವೇದಿಕೆಯ ಮೇಲೆ ಮೊದಲು ನುಡಿಸಿದವರು ಇಬ್ಬರು ಬಾಲಕಿಯರು. ಚಿಕ್ಕ ಕೈಗಳಿಗೆ ಬರೆದದ್ದಾದ್ದರಿಂದ ಇಲ್ಲಿ ಬೆರಳ ಪರಾಕ್ರಮಕ್ಕೆ ಎಡೆಯೇ ಇಲ್ಲ. ಮೂರನೆಯದರಲ್ಲಿ ಪ್ರಿಮೊ ಕಪ್ಪು ಮನೆಗಳ ಮೇಲೆಯೇ ಓಡಾಡುತ್ತದೆ. ಆ ಐದು ಸ್ವರಗಳು ನಮ್ಮ ಕಿವಿಗೆ ಮೋಹನದ ಸ್ವರಗಳು, ಯಾರೂ ವಿವರಿಸಬೇಕಿಲ್ಲ. ಕೊನೆಯದು ಬಹಳ ಮೆಲ್ಲನೆ, ಬಹುತೇಕ ಪ್ರಾರ್ಥನೆಯ ನಡೆಯಲ್ಲಿ ಶುರುವಾಗಿ, ಸೆಕೊಂಡೊದ ಘಂಟಾನಾದದ ಮೇಲೆ ಪ್ರಿಮೊ ಮನೆಗಳುದ್ದಕ್ಕೂ ಬೆರಳು ಜಾರಿಸುವಲ್ಲಿಗೆ ಮುಟ್ಟುತ್ತದೆ. ಸಭೆಯನ್ನು ಗೆಲ್ಲಲು ಮೊದಲ ನಿಮಿಷದಿಂದಲೇ ಗುಡುಗಬೇಕು ಎನ್ನುವ ಸಂಘಟಕರು ಈ ಮೂರು–ನಾಲ್ಕು ನಿಮಿಷಗಳಿಗೆ ಏನು ಉತ್ತರ ಕೊಡುತ್ತಾರೆ?

ನಾಲ್ಕು ಕೈಗಳಿಗೆಂದೇ ಬರೆದದ್ದು ಮೊದಲು ಎಂಬ ನಮ್ಮ ನಿಲುವಿಗೆ ಗಂಭೀರವಾದ ಆಕ್ಷೇಪವೊಂದಿದೆ. ಧ್ವನಿಮುದ್ರಿಕೆ ಬರುವ ಮೊದಲು ಬಹುಪಾಲು ಜನ ಹೈಡನ್, ಬೀಥೋವನ್‌ರ ಸಿಂಫನಿಗಳನ್ನು ತಿಳಿದದ್ದೇ ನಾಲ್ಕು ಕೈಗಳ ಅಳವಡಿಕೆಗಳಿಂದ. ಹಾಗಿರುವಾಗ ಅಳವಡಿಕೆಗಳನ್ನು ಕೆಳಗಿಡುವುದು ಈ ಪ್ರಕಾರದ ಚರಿತ್ರೆಗೇ ಅಪಚಾರವಲ್ಲವೇ? ಸ್ಟ್ರಾವಿನ್‌ಸ್ಕಿ ‘ವಸಂತದ ವಿಧಿ’ಯನ್ನು 1912ರಲ್ಲಿ ದೆಬ್ಯುಸಿಯ ಜೊತೆ ಕೂತು ನುಡಿಸಿರಲಿಲ್ಲವೇ? ನುಡಿಸಿದ್ದ, ಗೆಳೆಯರೊಬ್ಬರ ಮನೆಯಲ್ಲಿ. ಆ ಅಳವಡಿಕೆಗಳ ಉಪಯೋಗ ಇದ್ದದ್ದು ಓದಿಗೆ ಮತ್ತು ಅಭ್ಯಾಸಕ್ಕೆ: ನುಡಿಸುವವರೇ ಕೇಳುಗರು, ಬೆರಳುಗಳ ಮೂಲಕ ಕೃತಿಯನ್ನು ಅರಿಯುವ ಸಾಧನ. ಸಾವಿರ ಜನರ ಸಭಾಂಗಣದಲ್ಲಿ ಲೆಕ್ಕ ಬೇರೆ. ಅಲ್ಲಿ ಕೇಳುಗ ಇಲ್ಲದ ಪಿಟೀಲನ್ನೂ ಇಲ್ಲದ ನಗಾರಿಯನ್ನೂ ಹುಡುಕುತ್ತ ಕೂರುತ್ತಾನೆ. ಆದರೆ ಎರವಲನ್ನು ಪೂರ್ತಿ ಪಿಯಾನೋದ್ದೇ ಮಾಡಿಕೊಂಡವರೂ ಇದ್ದಾರೆ, ಅವರನ್ನು ನಾವು ತಲೆಯ ಮೇಲಿಟ್ಟುಕೊಳ್ಳುತ್ತೇವೆ. ಲುತೊಸ್ವಾವ್‌ಸ್ಕಿ ನಾಜಿಗಳ ಹಿಡಿತದಲ್ಲಿದ್ದ ವಾರ್ಸಾದ ಕೆಫೆಗಳಲ್ಲಿ ಪನೂಫ್ನಿಕ್ ಜೊತೆ ಎರಡು ಪಿಯಾನೋ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ. 1941ರಲ್ಲಿ ಪಗನೀನಿಯ 24ನೆಯ ಕಪ್ರೀಸ್ ಮೇಲೆ ಅಲ್ಲಿಗಾಗಿಯೇ ಬರೆದ ಮಾರ್ಪಾಡುಗಳು ಐದಾರು ನಿಮಿಷದವು. ಆ ಜೋಡಿ ಮಾಡಿಕೊಂಡಿದ್ದ ಅಳವಡಿಕೆಗಳ ರಾಶಿಯೆಲ್ಲ ಯುದ್ಧದಲ್ಲಿ ನಾಶವಾಗಿ ಇದೊಂದು ಉಳಿಯಿತು. ಕಾಫಿ ಕುಡಿಯುತ್ತ ಕೂತವರಿಗಾಗಿ ಬರೆದದ್ದು ಇದು, ಆದರೆ ಇದರಲ್ಲಿ ಜೊಳ್ಳಾದ ಒಂದು ಸ್ವರವೂ ಇಲ್ಲ. ಜನಪ್ರಿಯತೆ ಎಂದರೆ ರಾಜಿ ಎನ್ನುವವರು ಇದನ್ನು ಕೇಳಿ ಮಾತಾಡಲಿ.

ಉಳಿದದ್ದು ಶೂಬರ್ಟ್‌ನ ಪ್ರಶ್ನೆ. ಸಾವಿನ ವರ್ಷವಾದ 1828ರಲ್ಲಿ ಅವನು ಬರೆದ ಎಫ್ ಮೈನರ್ ಫಾಂಟಸಿ ನಾಲ್ಕು ಕೈಗಳ ಸಾಹಿತ್ಯದ ಶಿಖರ, ಸುಮಾರು ಇಪ್ಪತ್ತು ನಿಮಿಷದ್ದು. ಇಷ್ಟು ಉದ್ದ, ಇಷ್ಟು ವಿಷಾದ ನಮ್ಮ ಸಭೆಗೆ ಹಿಡಿಸದು ಎಂದು ಸಂಘಟಕರು ಅದನ್ನು ಪಟ್ಟಿಯಿಂದ ತೆಗೆಸುತ್ತಾರೆ. ಯಾವ ಸಭೆಯ ಮಾತು ಇದು? ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮೋತ್ಸವದ ಕಛೇರಿಗಳಿಗೆ ತಲೆಮಾರುಗಳಿಂದ ಕೂತು, ರಾಗ ತಾನ ಪಲ್ಲವಿಯನ್ನು ಗಂಟೆಗಟ್ಟಲೆ ಕೇಳಿದ ಊರಿನ ಜನಕ್ಕೆ ಇಪ್ಪತ್ತು ನಿಮಿಷ ಭಾರವೇ? ನಮ್ಮ ಕಛೇರಿಪದ್ಧತಿಯೇ ಇಲ್ಲಿ ದಾರಿ ತೋರಿಸುತ್ತದೆ. ಅರಿಯಕುಡಿಯವರು ರೂಢಿಗೆ ತಂದ ಕ್ರಮದಲ್ಲಿ ವರ್ಣ ಮೊದಲು, ಪ್ರಧಾನ ಕೃತಿ ನಡುವೆ, ದೇವರನಾಮ ತಿಲ್ಲಾನಗಳು ಕೊನೆಗೆ. ತಿಲ್ಲಾನ ಹಾಡಿದರೆಂದು ಯಾವ ವಿದ್ವಾಂಸರ ಮಾನವೂ ಹೋಗಿಲ್ಲ, ಪ್ರಧಾನ ಕೃತಿಯನ್ನು ಬಿಟ್ಟು ಬರೀ ತಿಲ್ಲಾನ ಹಾಡಿ ಎಂದು ಯಾವ ಸಭೆಯೂ ಕೇಳಿಲ್ಲ. ಫಾಂಟಸಿಗೆ ನಡುವಿನ ಜಾಗ ಕೊಡಿ, ಹಂಗೇರಿಯನ್ ನೃತ್ಯ ಕೊನೆಗೆ ಬರಲಿ. ಸವಾಲ್–ಜವಾಬಿಗೆ ತಲೆದೂಗಿ ಬೆಳೆದ ಕೇಳುಗರು ಪ್ರಿಮೊ ಎತ್ತಿದ ಪದವನ್ನು ಸೆಕೊಂಡೊ ಹಿಂದಿರುಗಿಸುವುದನ್ನು ಗುರುತಿಸುತ್ತಾರೆ. ಫಾಂಟಸಿಯ ಕೊನೆಯ ಫ್ಯೂಗ್ ಕಟ್ಟಿರುವುದೇ ಅಂಥ ಹಿಂದಿರುಗಿಸುವಿಕೆಯಿಂದ.

ನಮಗೆ ಬಹುದಿನಗಳಿಂದ ನೋವಾಗಿರುವ ಒಂದು ಸಂಗತಿಯನ್ನೂ ಹೇಳಿಬಿಡಬೇಕು. ಮೊಜಾರ್ಟ್ 1781ರಲ್ಲಿ ಯೋಸೆಫಾ ಔವರ್ನ್‌ಹಮರ್ ಜೊತೆ ನುಡಿಸಲೆಂದು ಬರೆದ ಎರಡು ಪಿಯಾನೋಗಳ ಸೊನಾಟಾ ಕೆ. 448 ನಮ್ಮಲ್ಲಿ ‘ಬುದ್ಧಿ ಬೆಳೆಸುವ ಸಂಗೀತ’ ಎಂಬ ಹಣೆಪಟ್ಟಿಯೊಡನೆ ಪೋಷಕರ ಕೈಸೇರುತ್ತಿದೆ. 1993ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಇದನ್ನು ಕೇಳಿಸಿ ನಡೆಸಿದ ಒಂದು ಚಿಕ್ಕ ಪ್ರಯೋಗ ಕಂಡದ್ದು ಒಂದು ಬಗೆಯ ಆಕಾರಗ್ರಹಣದ ಪ್ರಶ್ನೆಗಳಲ್ಲಿ ಹತ್ತು–ಹದಿನೈದು ನಿಮಿಷ ಉಳಿದ ಸುಧಾರಣೆಯನ್ನು, ಅಷ್ಟೇ. ಮಕ್ಕಳ ಬುದ್ಧಿಯ ಮಾತೇ ಅದರಲ್ಲಿ ಇರಲಿಲ್ಲ. ಔಷಧಿಯೆಂದು ಮಾರಿದ ಸಂಗೀತವನ್ನು ಯಾರೂ ಕಿವಿಯಿಂದ ಕೇಳುವುದಿಲ್ಲ. ಇಬ್ಬರು ಸಮಬಲರು ಒಬ್ಬರ ಮಾತನ್ನು ಇನ್ನೊಬ್ಬರು ಕಸಿದು ಮುಗಿಸುವ ಈ ಸೊನಾಟಾದ ಖುಷಿಗೆ ಆ ಹಣೆಪಟ್ಟಿ ಅವಮಾನ.

ಈ ಸಂಚಿಕೆಯ ವಿಶೇಷ ವಿಭಾಗ ‘ಎರಡು ಆಸನ, ನಾಲ್ಕು ಕೈ’. ಅದರ ನೆಪದಲ್ಲಿ ನಮ್ಮ ಜೋಡಿವಾದಕರಿಗೆ ಒಂದು ಒತ್ತಾಯ. ರಷ್ಯದ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಾಯಿಲೆಯಿಂದ ನರಳುತ್ತಿದ್ದಾಗ 1940ರ ದಶಕದ ಕೊನೆಯಲ್ಲಿ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು, ಸ್ವತಃ ಪಿಯಾನೋ ಕಲಿತಿದ್ದ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾಂಚೆರ್ಟೊವನ್ನು ಅರ್ಪಿಸಿದ್ದು ಒಡೆಯರಿಗೇ. ಅದೇ ಮೆಟ್ನರ್ ಎರಡು ಪಿಯಾನೋಗಳಿಗೆ ಬರೆದದ್ದು ಓಪಸ್ 58ರ ಎರಡು ತುಣುಕುಗಳು. ಮೊದಲನೆಯದು ‘ರಷ್ಯನ್ ಸುತ್ತುಕುಣಿತ’, ಅದನ್ನು ಅವನು ಬೆನ್ನೊ ಮೊಯ್ಸೆಯಿವಿಚ್ ಜೊತೆ ಧ್ವನಿಮುದ್ರಿಸಿದ್ದಾನೆ. ಲವಲವಿಕೆಯ, ಚಿಕ್ಕ, ಮೊದಲ ಸಲ ಕೇಳಿದವರನ್ನೂ ಹಿಡಿದು ಕುಣಿಸುವ ಕೃತಿ. ಎರಡು ಒಳ್ಳೆಯ ಪಿಯಾನೋಗಳಿರುವ ಸಭಾಂಗಣ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ ಎಂಬ ಕಷ್ಟ ನಮಗೂ ಗೊತ್ತು. ಸಿನಿಮಾ ಹಾಡುಗಳ ಸಂಜೆಗೆ ದೀಪಾಲಂಕಾರಕ್ಕೂ ಧ್ವನಿವರ್ಧಕಕ್ಕೂ ಹಣ ಹೊಂದಿಸುವ ಸಂಘಟಕರು ಒಂದು ಸಂಜೆಯ ಮಟ್ಟಿಗೆ ಎರಡನೆಯ ಪಿಯಾನೋವನ್ನು ಬಾಡಿಗೆಗೆ ತರಿಸಲಿ, ಮೈಸೂರಿನಲ್ಲೇ ಮೊದಲು ತರಿಸಲಿ.