ಪರಿಚಾರಕನ ವಿದ್ಯೆ

ತಿರುವನಂತಪುರದ ಪೂರ್ವಕ್ಕೆ, ಅಗಸ್ತ್ಯಕೂಟದ ತಪ್ಪಲಿನಲ್ಲಿ ನೆಯ್ಯಾರ್ ನದಿಗೆ ಕಟ್ಟಿರುವ ಅಣೆಕಟ್ಟಿನ ಜಲಾಶಯದ ದಡದ ಮೇಲೆ ಸ್ವಾಮಿ ವಿಷ್ಣುದೇವಾನಂದರು 1978ರಲ್ಲಿ ಸ್ಥಾಪಿಸಿದ ಯೋಗಾಶ್ರಮಕ್ಕೆ ಧನ್ವಂತರಿಯ ಹೆಸರು ಸೇರಿಕೊಂಡಿರುವುದು ಉಚಿತವಾಗಿಯೇ ಇದೆ. ಏಕೆಂದರೆ ಅವರ ಗುರುಗಳಾದ ಋಷಿಕೇಶದ ಸ್ವಾಮಿ ಶಿವಾನಂದರು ಸಂನ್ಯಾಸವನ್ನು ಸ್ವೀಕರಿಸುವುದಕ್ಕೆ ಮುಂಚೆ ಮಲಯದೇಶದಲ್ಲಿ ವೈದ್ಯರಾಗಿ ರೋಗಿಗಳ ಸೇವೆ ಮಾಡಿದವರು. ಈ ಆಶ್ರಮದ ದಿನಕ್ರಮ ಪ್ರಸಿದ್ಧವಾದದ್ದು. ಬೆಳಗಾಗುವುದಕ್ಕೆ ಮೊದಲೇ ಗಂಟೆ ಬಾರಿಸುತ್ತದೆ. ಆರು ಗಂಟೆಗೆ ಧ್ಯಾನ, ಭಜನೆ. ಹಗಲಿನಲ್ಲಿ ಎರಡು ಸಲ ಆಸನ ಪ್ರಾಣಾಯಾಮಗಳ ಅಭ್ಯಾಸ. ಎರಡೇ ಹೊತ್ತು ಸಾತ್ತ್ವಿಕವಾದ ಊಟ. ನಡುವೆ ಗುಡಿಸುವ, ತೊಳೆಯುವ, ಬಡಿಸುವ ಕರ್ಮಯೋಗ. ಇಂತಹ ಆಶ್ರಮಗಳಲ್ಲಿಯೂ, ಇವುಗಳನ್ನು ನೋಡಿಕೊಂಡು ಕೇರಳದ ಕಡಲತೀರದಲ್ಲಿ, ನಮ್ಮ ಗೋಕರ್ಣದಲ್ಲಿ, ಮೈಸೂರಿನಲ್ಲಿ ತಲೆಯೆತ್ತಿರುವ ವಸತಿ ಯೋಗಕೇಂದ್ರಗಳಲ್ಲಿಯೂ ಈಗ ಆಸನಗಳ ಜೊತೆಗೆ ಅಭ್ಯಂಗವನ್ನೂ ಅದಕ್ಕೆ ಸಂಬಂಧಪಟ್ಟ ಉಪಚಾರಗಳನ್ನೂ ಕಲಿಯಬೇಕೆಂದು ದೇಶವಿದೇಶಗಳಿಂದ ಜನ ಬರುತ್ತಿದ್ದಾರೆ. ಅವರು ಕಲಿಯಲು ಬರುವುದು ಏನನ್ನು, ಕಲಿತು ಹೋಗಬೇಕಾದದ್ದು ಏನನ್ನು ಎಂಬ ವಿಚಾರ ಬಹುದಿನಗಳಿಂದ ನನ್ನ ಮನಸ್ಸಿನಲ್ಲಿದೆ.

ಬಂದವರಲ್ಲಿ ಹಲವರು ತಾವು ಚಿಕಿತ್ಸಕರಾಗಬೇಕೆಂಬ ಅಭಿಲಾಷೆಯಿಂದ ಬಂದವರು. ಅಭಿಲಾಷೆ ನಿಂದ್ಯವಲ್ಲ, ಪರರ ನೋವನ್ನು ಕಳೆಯಬೇಕೆಂಬ ಆಸೆ ಯಾವ ಕಾಲಕ್ಕೂ ಗೌರವಾರ್ಹವಾದದ್ದು. ಆದರೆ ನಮ್ಮ ದೇಶದಲ್ಲಿ ಆಯುರ್ವೇದದ ವೈದ್ಯನೆನಿಸಿಕೊಳ್ಳಬೇಕಾದರೆ ಪಾಠಪ್ರಯೋಗಗಳಲ್ಲಿ ನಾಲ್ಕೂವರೆ ವರ್ಷ, ಅದರ ಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷ ಕಳೆಯಬೇಕು. ಕೆಲವು ವಾರಗಳ ಶಿಬಿರ ಆ ವಿದ್ಯೆಯನ್ನು ಕೊಡಲಾರದು, ಕೊಡುತ್ತೇನೆಂದು ಹೇಳಲೂ ಬಾರದು. ಹಾಗಾದರೆ ಶಿಬಿರದಲ್ಲಿ ಕಲಿಯುವವನಿಗೆ ದಕ್ಕುವುದೇನು? ಇದಕ್ಕೆ ಉತ್ತರ ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೇ ಇದೆಯೆಂದು ನಾನು ನಂಬಿದ್ದೇನೆ. ಅಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಒಂದೊಂದಕ್ಕೆ ನಾಲ್ಕು ನಾಲ್ಕರಂತೆ ಒಟ್ಟು ಹದಿನಾರು ಗುಣಗಳು. ಈ ನಾಲ್ಕು ಪಾದಗಳಲ್ಲಿ ವೈದ್ಯನೇ ಪ್ರಧಾನನೆಂದು ಆಚಾರ್ಯನು ಸ್ಪಷ್ಟವಾಗಿ ಹೇಳಿದ್ದಾನಾದರೂ, ಪರಿಚಾರಕನನ್ನು ಎಣಿಕೆಯ ಹೊರಗೆ ಬಿಟ್ಟಿಲ್ಲ; ಅವನಿಲ್ಲದೆ ಚಿಕಿತ್ಸೆ ನಿಲ್ಲಲಾರದೆಂಬ ಅರಿವು ಆ ಸಂಖ್ಯೆಯಲ್ಲಿಯೇ ಅಡಗಿದೆ. ಆಶ್ರಮದಲ್ಲಿ ಎಣ್ಣೆಯ ಬಟ್ಟಲನ್ನು ಹಿಡಿದು ಕುಳಿತಿರುವ ವಿದ್ಯಾರ್ಥಿ ಏರಬಹುದಾದ ಪೀಠ ಈ ಪರಿಚಾರಕನದು, ಮತ್ತು ಅದು ಸಣ್ಣ ಪೀಠವಲ್ಲ.

ಪರಿಚಾರಕನಿಗೆ ಬೇಕೆಂದು ಹೇಳಿದ ಗುಣಗಳು ಉಪಚಾರಗಳ ಜ್ಞಾನ, ಕೈಚಳಕ, ತಾನು ಯಾರ ಸೇವೆಯಲ್ಲಿರುವನೋ ಅವರಲ್ಲಿ ಅನುರಾಗ, ಮತ್ತು ಶೌಚ. ಮೊದಲ ಎರಡನ್ನು ಎಲ್ಲಿಯಾದರೂ ಕಲಿಯಬಹುದು. ಕೊನೆಯ ಎರಡು ತರಗತಿಯ ಪಾಠಕ್ಕೆ ಸಿಕ್ಕುವಂಥವಲ್ಲ. ಅವಕ್ಕೆ ಒಂದು ಜೀವನಕ್ರಮ ಬೇಕು. ಪತಂಜಲಿ ಹೇಳಿದ ಐದು ನಿಯಮಗಳಲ್ಲಿ ಮೊದಲನೆಯದೂ ಶೌಚವೇ ಆಗಿರುವುದನ್ನು ನೆನೆದರೆ, ಯೋಗಾಶ್ರಮದ ಆವರಣದಲ್ಲಿ ಅಭ್ಯಂಗವನ್ನು ಕಲಿಸುವುದರ ಔಚಿತ್ಯ ತಾನಾಗಿ ಗೋಚರವಾಗುತ್ತದೆ. ಬ್ರಾಹ್ಮೀಮುಹೂರ್ತದಲ್ಲೆದ್ದು, ಸ್ನಾನ ಮಾಡಿ, ಮಿತವಾಗಿ ಉಂಡು, ಉಸಿರನ್ನು ನಿಧಾನಗೊಳಿಸಿಕೊಂಡು, ಉಗುರು ಕತ್ತರಿಸಿಕೊಂಡು, ಆ ಬೆಳಿಗ್ಗೆಯೇ ಯಾರೋ ಉಂಡ ತಟ್ಟೆಯನ್ನು ತೊಳೆದು ಬಂದ ಕೈ ಇನ್ನೊಬ್ಬನ ಮೈಯನ್ನು ಮುಟ್ಟುವ ರೀತಿಯೇ ಬೇರೆ. ಆದ್ದರಿಂದ ದಿನಚರಿಯ ಕಟ್ಟುಪಾಡುಗಳನ್ನು ಸಡಿಲಿಸಿ, ಅಭ್ಯಂಗದ ತರಗತಿಯನ್ನು ಮಾತ್ರ ಬೇಡುವ ವಿದ್ಯಾರ್ಥಿ ಪಾಠದ ಅರ್ಧವನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಬಂದಂತಾಯಿತು.

ಇನ್ನು ಪಾಠದ ವಿಷಯ. ಕೇರಳದ ಸಂಪ್ರದಾಯದಲ್ಲಿ ಒಂದೇ ಮರದಿಂದ ಕಡೆದ ದ್ರೋಣಿಯಲ್ಲಿ ಮಲಗಿಸಿ, ಇಬ್ಬರು ಪರಿಚಾರಕರು ಇಕ್ಕೆಲಗಳಲ್ಲಿ ನಿಂತು, ಒಬ್ಬನ ಕೈ ಹೋದಂತೆ ಇನ್ನೊಬ್ಬನ ಕೈಯೂ ಒಂದೇ ವೇಗದಿಂದ, ಒಂದೇ ಒತ್ತಡದಿಂದ ಹೋಗುವ ಹಾಗೆ ನೀವುತ್ತಾರೆ. ಕುಳಿತು, ಅಂಗಾತ, ಮಗ್ಗುಲಾಗಿ, ಬೋರಲಾಗಿ ಎಂದು ಏಳು ಸ್ಥಿತಿಗಳಲ್ಲಿ ಕ್ರಮವಾಗಿ ಇದು ಸಾಗುತ್ತದೆ. ಉದ್ದನೆಯ ಎಲುಬುಗಳ ಮೇಲೆ ಉದ್ದವಾಗಿ, ಸಂಧಿಗಳಲ್ಲಿ ವೃತ್ತಾಕಾರವಾಗಿ ಕೈಯಾಡಬೇಕು. ಗಂಡಸರಿಗೆ ಗಂಡಸರೂ ಹೆಂಗಸರಿಗೆ ಹೆಂಗಸರೂ ಎಂಬ ನಿಯಮವನ್ನು ಅಲ್ಲಿಯವರು ನಿಷ್ಠೆಯಿಂದ ಪಾಲಿಸುತ್ತಾರೆ. ಎಣ್ಣೆಯ ಬಿಸಿ ಎಷ್ಟಿರಬೇಕೆಂಬುದನ್ನು ಕೈಯ ಹಿಂಭಾಗವೇ ನಿರ್ಣಯಿಸಬೇಕು. ಇದರ ಜೊತೆಗೆ ಸುಶ್ರುತನು ಶಾರೀರಸ್ಥಾನದಲ್ಲಿ ವಿವರಿಸಿದ 107 ಮರ್ಮಗಳ ಪರಿಚಯವಿರಬೇಕು: ಕೈಕಾಲುಗಳಲ್ಲಿ 44, ಉದರ ಮತ್ತು ಎದೆಯಲ್ಲಿ 12, ಬೆನ್ನಿನಲ್ಲಿ 14, ಕೊರಳು ಮತ್ತು ಅದರ ಮೇಲೆ 37. ಈ ಮರ್ಮಗಳನ್ನು ಸುಶ್ರುತನು ವರ್ಣಿಸಿದ್ದು ಅವಕ್ಕೆ ಪೆಟ್ಟುಬಿದ್ದರೆ ಏನಾಗುವುದೆಂದು ಎಚ್ಚರಿಸುವುದಕ್ಕಾಗಿ. 19 ಮರ್ಮಗಳು ಸದ್ಯಃಪ್ರಾಣಹರವೆಂದು ಅವನ ಗಣನೆ. ಕಾಯಿಲೆಯನ್ನು ಒತ್ತಿ ಓಡಿಸುವ ಗುಂಡಿಗಳೆಂಬಂತೆ ಅವುಗಳನ್ನು ಕಲಿಸುವವರು ಗ್ರಂಥದ ಆಶಯಕ್ಕೆ ವಿರುದ್ಧವಾಗಿ ನಡೆಯುತ್ತಿದ್ದಾರೆ.

ಕಾಲದ ವಿಷಯದಲ್ಲಿ ಒಂದು ಸ್ವಾರಸ್ಯವಾದ ಲೆಕ್ಕವಿದೆ. ಸುಶ್ರುತಕ್ಕೆ ವ್ಯಾಖ್ಯಾನ ಬರೆದ ಡಲ್ಹಣಾಚಾರ್ಯನು, ತಿಕ್ಕಿದ ಸ್ನೇಹದ್ರವ್ಯ 300 ಮಾತ್ರೆಗಳ ಕಾಲದಲ್ಲಿ ರೋಮಕೂಪವನ್ನೂ, 400ರಲ್ಲಿ ಚರ್ಮವನ್ನೂ, 500ರಲ್ಲಿ ರಕ್ತವನ್ನೂ, ಹೀಗೆ ನೂರು ನೂರು ಏರುತ್ತಾ ಮಾಂಸ, ಮೇದಸ್ಸು, ಅಸ್ಥಿಗಳನ್ನು ದಾಟಿ 900 ಮಾತ್ರೆಗಳಲ್ಲಿ ಮಜ್ಜೆಯನ್ನೂ ಮುಟ್ಟುವುದೆಂದು ಹೇಳುತ್ತಾನೆ. ಎಣ್ಣೆ ಎಲುಬಿನೊಳಗೆ ಇಳಿಯುವುದೆಂದು ಇಂದಿನ ಶರೀರಶಾಸ್ತ್ರ ಒಪ್ಪುವುದಿಲ್ಲ; ಒಪ್ಪಬೇಕೆಂದು ನಾನೂ ವಾದಿಸಲಾರೆ. ಆದರೂ ಈ ಎಣಿಕೆಯನ್ನು ನಾನು ತಳ್ಳಿಹಾಕಲಾರೆ. ಒಂದು ಅಂಗವನ್ನು ಮುಟ್ಟಿದ ಕೈ ಅವಸರದಿಂದ ಇನ್ನೊಂದಕ್ಕೆ ಹಾರದಂತೆ, ಬಾಯಲ್ಲಿ ಎಣಿಕೆ ನಡೆಯುತ್ತಿರುವಷ್ಟು ಹೊತ್ತು ಮನಸ್ಸು ಬೇರೆಡೆಗೆ ಹರಿಯದಂತೆ, ತೊಡೆಗೊಂದು ಕಾಲ, ಬೆರಳಿಗೊಂದು ಕಾಲವೆಂದು ಪಕ್ಷಪಾತ ಮಾಡದಂತೆ ಕಾಯುವ ಕಟ್ಟಳೆಯಾಗಿ ಅದನ್ನು ತೆಗೆದುಕೊಂಡರೆ ಅದರ ಬೆಲೆ ತಿಳಿಯುತ್ತದೆ. ಧಾರಣೆಯನ್ನು ಅಭ್ಯಾಸ ಮಾಡುವ ಯೋಗವಿದ್ಯಾರ್ಥಿಗೆ ಇದು ಕಣ್ಣು ಮುಚ್ಚಿ ಕುಳಿತು ಮಾಡುವ ಅಭ್ಯಾಸಕ್ಕಿಂತ ಕಷ್ಟವಾದದ್ದು. ಇಲ್ಲಿ ಮನಸ್ಸು ತಪ್ಪಿದರೆ ಮಲಗಿರುವವನಿಗೆ ಕೂಡಲೇ ತಿಳಿದುಬಿಡುತ್ತದೆ.

ಆದರೆ ಪಾಠದಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾದದ್ದು ನಿಷೇಧಭಾಗ. ಅಭ್ಯಂಗ ನಿತ್ಯವೂ ಮಾಡತಕ್ಕದ್ದೆಂದು, ತಲೆ ಕಿವಿ ಪಾದಗಳಿಗೆ ವಿಶೇಷವಾಗಿ ಮಾಡತಕ್ಕದ್ದೆಂದು ವಿಧಿಸಿದ ವಾಗ್ಭಟನೇ ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ, ಆ ವಿಧಿಯ ಬೆನ್ನಿಗೇ, ಕಫದಿಂದ ಪೀಡಿತನಾದವನಿಗೆ, ಶೋಧನಚಿಕಿತ್ಸೆ ಮುಗಿಸಿದವನಿಗೆ, ಅಜೀರ್ಣವಾದವನಿಗೆ ಮಾಡಬಾರದೆಂದು ಹೇಳಿದ್ದಾನೆ. ವಿಧಿಯನ್ನು ಬಾಯಿಪಾಠ ಹೇಳುವವರು ನಿಷೇಧವನ್ನು ಮರೆಯುವುದನ್ನು ನಾನು ಕಂಡಿದ್ದೇನೆ, ಕಂಡಾಗಲೆಲ್ಲ ಕಳವಳಪಟ್ಟಿದ್ದೇನೆ. ಇಂದಿನ ವೈದ್ಯ ಇದಕ್ಕೆ ಇನ್ನೂ ಕೆಲವನ್ನು ಸೇರಿಸುತ್ತಾನೆ. ಒಂದು ಕಾಲಿನ ಮೀನಖಂಡ ಮಾತ್ರ ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಳಚಿಕೊಂಡು ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿ ಪ್ರಾಣಕ್ಕೇ ಅಪಾಯ ತರಬಹುದು. ಸಾಗರಗಳನ್ನು ದಾಟಿ, ಬಹಳ ಹೊತ್ತು ವಿಮಾನದಲ್ಲಿ ಕಾಲು ಮಡಿಸಿ ಕುಳಿತು ಬಂದ ಅತಿಥಿಗಳನ್ನು ಬಂದ ದಿನವೇ ಅಭ್ಯಂಗಕ್ಕೆ ಮಲಗಿಸುವ ಕೇಂದ್ರಗಳಲ್ಲಿ ಈ ಒಂದು ಮಾತು ಪ್ರತಿಯೊಬ್ಬ ಪರಿಚಾರಕನ ನಾಲಗೆಯ ತುದಿಯಲ್ಲಿರಬೇಕು. ಯಾರನ್ನು ಮುಟ್ಟಬಾರದೆಂದು ತಿಳಿದು, ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ವೈದ್ಯನನ್ನು ಕರೆಯುವವನೇ ಉಪಚಾರಜ್ಞ.

ಕ್ಷೇಮವಾಗಿರುವವನ ನಿತ್ಯಾಭ್ಯಂಗದ ವಿಷಯ ಹೀಗೆ ಜಟಿಲವಲ್ಲ. ಎಣ್ಣೆ ಕುಡಿದ ಮಡಕೆಯೂ ತೊಗಲೂ ಗಾಡಿಯ ಅಚ್ಚೂ ಹೇಗೆ ಬಾಳಿಕೆ ಬರುವುವೋ ಹಾಗೆ ಅಭ್ಯಂಗದಿಂದ ಶರೀರವೂ ದೃಢವಾಗುವುದೆಂದು ಚರಕನು ಹೇಳಿದುದನ್ನು ಎತ್ತಿನಗಾಡಿಯ ಕೀಲಿಗೆ ಎಣ್ಣೆಯೂಡಿದ ಯಾವ ರೈತನಿಗೂ ವಿವರಿಸಬೇಕಾಗಿಲ್ಲ. ಇದನ್ನು ಶಿಬಿರಗಳು ನಿಸ್ಸಂಕೋಚವಾಗಿ ಕಲಿಸಬಹುದು; ಪ್ರತಿಯೊಬ್ಬನೂ ಕಲಿತು ತನ್ನ ಮನೆಗೆ ಒಯ್ಯಬಹುದು.

ಕನ್ನಡನಾಡಿಗೆ ಈ ವಿದ್ಯೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಇಪ್ಪತ್ತು ಉಪಭೋಗಗಳ ಪಂಕ್ತಿಯಲ್ಲಿ ಪಾದಾಭ್ಯಂಗಕ್ಕೂ ಒಂದು ಸ್ಥಾನವಿದೆ. ಅಲ್ಲಿ ಅದು ಪಡೆಯುವವನ ಸುಖ. ಚರಕನಲ್ಲಿ ಅದೇ ಕ್ರಿಯೆ ಮಾಡುವವನ ಗುಣಕ್ಕೆ ಒರೆಗಲ್ಲು. ಅರಮನೆಯ ಭೋಗ ಅರಮನೆಯೊಡನೆ ಹೋಯಿತು. ಉಳಿದುಕೊಂಡದ್ದು ಜನರ ಮನೆಗಳಲ್ಲಿ: ನರಕ ಚತುರ್ದಶಿಯ ಎಣ್ಣೆನೀರಿನಲ್ಲಿ, ಬಾಣಂತಿಯ ಸ್ನಾನದಲ್ಲಿ, ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ನೀವುವ ಮುದುಕಿಯರ ಕೈಯಲ್ಲಿ. ಕೇರಳದವರು ಕರ್ಕಟಕ ಮಾಸದ ಮಳೆಯಲ್ಲಿ ದೇಹಕ್ಕೆ ಎಣ್ಣೆಯ ಉಪಚಾರ ಮಾಡಿಕೊಳ್ಳುವಾಗ, ಅದೇ ಸೌರಮಾಸವನ್ನು ಆಟಿಯೆಂದು ಕರೆಯುವ ತುಳುನಾಡಿನವರು ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಋತುವಿಗೆ ತಕ್ಕಂತೆ ಮೈಯನ್ನು ಕಾಪಾಡಿಕೊಳ್ಳುವ ಬುದ್ಧಿ ಎರಡು ಕಡೆಯೂ ಒಂದೇ.

ನಮ್ಮ ಕಡೆಯ ಯೋಗಕೇಂದ್ರಗಳು ಅಭ್ಯಂಗಕ್ಕೆ ಗುರುಗಳನ್ನು ಹುಡುಕುವಾಗ ಊರೂರುಗಳಲ್ಲಿ ಬಾಣಂತಿಯರಿಗೆ ನೀರು ಹಾಕಿ ಕೈ ಪಳಗಿಸಿಕೊಂಡಿರುವ ಈ ಹೆಂಗಸರನ್ನು ಏಕೆ ಕರೆಯಬಾರದು? ಅವರಿಗೆ ತಕ್ಕ ಸಂಬಳ ಕೊಟ್ಟು, ಗುರುವಿನ ಮಣೆ ಹಾಕಿ ಕೂರಿಸಲಿ. ವೈದ್ಯರೊಬ್ಬರು ಪಕ್ಕದಲ್ಲಿದ್ದು, ಕೂಸಿನ ಮೂಗಿಗೂ ಕಿವಿಗೂ ಎಣ್ಣೆ ಹನಿಸುವಂತಹ, ಅಪಾಯವೆಂದು ಈಗ ತಿಳಿದುಬಂದಿರುವ ರೂಢಿಗಳನ್ನು ಮೃದುವಾಗಿ ತಿದ್ದಲಿ. ಹಂಡೆಯ ನೀರಿನ ಹದ, ಎಣ್ಣೆಯ ಕಾವು, ಹೆರಿಗೆಯಾದ ಎಷ್ಟನೆಯ ದಿನಕ್ಕೆ ಎಷ್ಟು ಒತ್ತಡ, ಜ್ವರದ ಸುಳಿವು ಕಂಡರೆ ಆ ದಿನ ನೀರು ಹಾಕದೆ ಬಿಡುವ ವಿವೇಕ, ಇವನ್ನು ವಿದ್ಯಾರ್ಥಿಗಳು ಅವರ ಕೈ ನೋಡಿ ಕಲಿತು ಬರೆದಿಟ್ಟುಕೊಳ್ಳಲಿ. ಆ ಕೈಗಳಿಗೆ ವಯಸ್ಸಾಗಿದೆ. ಈ ಕೆಲಸವನ್ನು ಈಗಲೇ ಆರಂಭಿಸಬೇಕು.