ಗುರಿಯಿಲ್ಲದ ಚೈತನ್ಯ

ಜೀವವಿಕಾಸದ ಹಿಂದೆ ಸದಾ ಹೊಸತನ್ನು ಸೃಷ್ಟಿಸುವ ಪ್ರಾಣಶಕ್ತಿಯಿದೆ ಎಂದು ಫ್ರೆಂಚ್ ತತ್ವಜ್ಞಾನಿ ಬರ್ಗ್‌ಸನ್ 1907ರಲ್ಲಿ ವಾದಿಸಿದರು. ಅವರನ್ನು ಮೆಚ್ಚಿದ ಅಲ್ಲಾಮಾ ಇಕ್ಬಾಲ್, ಆ ಶಕ್ತಿಗೆ ಗುರಿಯಿಲ್ಲ ಎಂಬುದನ್ನು ಮಾತ್ರ ಒಪ್ಪಲಿಲ್ಲ. 1929ರ ಜನವರಿಯಲ್ಲಿ ಮದರಾಸಿನಲ್ಲಿ ಉಪನ್ಯಾಸಗಳನ್ನು ನೀಡಿದ ಇಕ್ಬಾಲ್, ಬೆಂಗಳೂರು, ಮೈಸೂರುಗಳಿಗೂ ಬಂದಿದ್ದರು.

ಅವರ ಆಕ್ಷೇಪವನ್ನು ತಿಳಿಯಲು ಬೇಲೂರು, ಹಳೇಬೀಡುಗಳನ್ನು ನೋಡಿದರೆ ಸಾಕು. ಶಿಲ್ಪಿಗೆ ಗುರಿಯಿಲ್ಲದಿದ್ದರೆ ಉಳಿಯ ಏಟು ಕಲ್ಲನ್ನು ಒಡೆಯುತ್ತಿತ್ತೇ ಹೊರತು ಕೆತ್ತುತ್ತಿರಲಿಲ್ಲ. ಆದರೆ ಗುರಿಯೆಂದರೆ ಮೊದಲೇ ಬರೆದಿಟ್ಟ ಹಣೆಬರಹವಲ್ಲ. ಅದು ಬದುಕು ಬೆಳೆದಂತೆ ರೂಪುಗೊಳ್ಳುವಂಥದ್ದು ಎಂಬುದೂ ಇಕ್ಬಾಲರ ನಿಲುವು.

ಅರಸೀಕೆರೆಯಂತಹ ಪಟ್ಟಣಗಳ ನಮ್ಮ ಯುವಕರಲ್ಲಿ ಚೈತನ್ಯಕ್ಕೆ ಬರವಿಲ್ಲ. ಮೆರವಣಿಗೆಗಳಲ್ಲಿ ಅದು ಉಕ್ಕಿ ಹರಿಯುತ್ತದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವನಿಗೆ ಗುರಿಯೊಂದನ್ನು ಕಂಡುಕೊಳ್ಳಲು ನಾವು ನೆರವಾಗಿದ್ದೇವೆಯೇ? ವಿಧಿಯನ್ನು ದೂರುವ ಮುನ್ನ ಹೆತ್ತವರೂ ಜಮಾಅತ್‌ಗಳೂ ಇದಕ್ಕೆ ಉತ್ತರಿಸಬೇಕಾಗಿದೆ.