ಹದಿನಾಲ್ಕರ ಹುಡುಗಿಗೆ ಯಾವ ಪುಸ್ತಕ ಕೊಡಲಿ?

ಕನ್ನಡದಲ್ಲಿ ಮಕ್ಕಳ ಪುಸ್ತಕಗಳಿವೆ, ದೊಡ್ಡವರ ಪುಸ್ತಕಗಳೂ ಇವೆ. ನಡುವಿನ ಐದಾರು ವರ್ಷ ನಮ್ಮ ಹುಡುಗಿಯರು ಎಲ್ಲಿ ಹೋಗಿರುತ್ತಾರೋ, ಬರೆಯುವವರಿಗೆ ಗೊತ್ತಿದ್ದಂತಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ ಮುಗಿಸಿದವಳು ಒಂದೇ ನೆಗೆತಕ್ಕೆ ಅತ್ತೆ-ಸೊಸೆಯರ ಕಾದಂಬರಿಗೆ ಹಾರಬೇಕು. ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಕಾದಂಬರಿಗೆ 2023ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಾಗ ನಾನು ಸಂತೋಷಪಟ್ಟವಳೇ. ಆದರೆ ಒಂದು ಮೋಡಕ್ಕೆ ಮಸ್ಕಿ ಹಳ್ಳ ಹರಿಯುವುದಿಲ್ಲವಲ್ಲ!

ಅದರಲ್ಲೂ ಮನಸ್ಸು ಕೆಟ್ಟ ಹುಡುಗಿಯ ಕಥೆಯಂತೂ ಕೇಳಲೇಬೇಡಿ. ಪಾಮನಕಲ್ಲೂರಿನಂಥ ಊರಿನಲ್ಲಿ ಒಂಬತ್ತನೇ ಈಯತ್ತೆಯ ಹುಡುಗಿಗೆ ಬೇಸರವಾಗುವುದಿಲ್ಲ, ತಲೆ ನೋಯುತ್ತದೆ. “ತಲಿ ನೋಯಾಕತ್ತೈತ್ರಿ ಟೀಚರ್” ಎಂದು ಬೆಂಚಿನ ಮೇಲೆ ಮುಖವಿಟ್ಟು ಮಲಗುತ್ತಾಳೆ. ವಾರಗಟ್ಟಲೆ ನೋಯುತ್ತದೆ. ಮನೆಯವರು ಗಾಳಿ ಸೋಕಿದೆ ಎನ್ನುತ್ತಾರೆ, ತಾಯತ ಕಟ್ಟಿಸುತ್ತಾರೆ. ಅದೂ ಆಗದಿದ್ದರೆ ಗಂಡು ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಹದಿಮೂರರಿಂದ ಹದಿನೇಳರ ಮಕ್ಕಳಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅರವತ್ತು ಮಕ್ಕಳ ತರಗತಿಗೆ ನಾಲ್ವರು. ಆ ನಾಲ್ವರಿಗೆ ನಾನು ಯಾವ ಪುಸ್ತಕ ಕೊಡಲಿ, ಹೇಳಿ.

ತ್ರಿವೇಣಿಯವರನ್ನು ಕೊಡಿ ಎನ್ನುವಿರಿ. ಕೊಟ್ಟಿದ್ದೇನೆ. ಮನಃಶಾಸ್ತ್ರ ಓದಿದ್ದ ಆಕೆ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮುಂಚೆಯೇ ತೀರಿಕೊಂಡರು. ಅಷ್ಟರಲ್ಲೇ ‘ಶರಪಂಜರ’ ಬರೆದಿಟ್ಟಿದ್ದರು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಅವರ ಕಾವೇರಿಯನ್ನು ನೋಡಿ ನಮ್ಮ ತಾಯಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕಾಯಿಲೆ ಗುಣವಾಗಿ ಮನೆಗೆ ಬಂದವಳನ್ನು ಸುತ್ತಲಿನವರು ಹುಚ್ಚಿಯೆಂದೇ ನೋಡಿದರಲ್ಲ, ಅದು ಇಂದಿಗೂ ಸುಳ್ಳಾಗಿಲ್ಲ. ಆದರೆ ಕಾವೇರಿ ಗೃಹಿಣಿ, ತಾಯಿ. ನನ್ನ ಹುಡುಗಿ ಸೈಕಲ್ ಏರಿ ಶಾಲೆಗೆ ಬರುವವಳು. ಅರವತ್ತು ವರ್ಷ ಕಳೆದರೂ ಕಾವೇರಿಗೊಬ್ಬ ತಂಗಿಯನ್ನು ಹುಟ್ಟಿಸಲು ನಮ್ಮ ಸಾಹಿತಿಗಳಿಗೆ ಪುರುಸೊತ್ತಾಗಲಿಲ್ಲವೇ?

“ಇಂಥದ್ದನ್ನೆಲ್ಲ ಓದಿಸಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ” ಎಂದು ತಿಳಿದವರೇ ಹೇಳುತ್ತಾರೆ. ಈ ಭಯ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಜರ್ಮನಿಯ ಗಯಟೆ 1774ರಲ್ಲಿ ವರ್ದರ್ ಎಂಬ ತರುಣನ ಕಥೆ ಬರೆದಾಗ, ಓದಿದವರು ಅವನಂತೆಯೇ ಸಾಯುತ್ತಾರೆಂದು ಲೈಪ್‌ಜಿಗ್‌ನಲ್ಲಿ ಆ ಪುಸ್ತಕವನ್ನೇ ನಿಷೇಧಿಸಿದರು. 2017ರಲ್ಲಿ ನೆಟ್‌ಫ್ಲಿಕ್ಸ್‌ನವರು ಹೈಸ್ಕೂಲು ಹುಡುಗಿಯೊಬ್ಬಳ ಆತ್ಮಹತ್ಯೆಯನ್ನು ಬಿಡಿಬಿಡಿಯಾಗಿ ತೋರಿಸಿ ಬೈಸಿಕೊಂಡರು, 2019ರಲ್ಲಿ ಆ ದೃಶ್ಯವನ್ನು ಕತ್ತರಿಸಿದರು. ಸರಿ, ಹಾಗೆ ಬರೆಯಬಾರದು. ಆದರೆ 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಕಂಡುಕೊಂಡ ಇನ್ನೊಂದು ಸಂಗತಿಯನ್ನು ಇವರು ಯಾಕೆ ಹೇಳುವುದಿಲ್ಲ? ಸಾಯಬೇಕೆನ್ನಿಸಿದವನು ಹೇಗೋ ಆ ಘಳಿಗೆ ದಾಟಿದ ಎಂಬ ವರದಿಗಳು ಪತ್ರಿಕೆಯಲ್ಲಿ ಬಂದ ಮೇಲೆ ಆತ್ಮಹತ್ಯೆಗಳು ಕಡಿಮೆಯಾಗಿದ್ದುವು. ಮೊಜಾರ್ಟನ ಸಂಗೀತ ನಾಟಕದಲ್ಲಿ ಪಾಪಗೇನೋ ಎಂಬವನನ್ನು ಮೂವರು ಹುಡುಗರು ಬಂದು ತಡೆಯುತ್ತಾರೆ. ಅವನ ಹೆಸರನ್ನೇ ಈ ಪರಿಣಾಮಕ್ಕೆ ಇಟ್ಟಿದ್ದಾರೆ. ನೋಡಿ, ತಡೆದವರು ಹುಡುಗರು! ವೈದ್ಯರಲ್ಲ, ಸ್ವಾಮಿಗಳಲ್ಲ, ಹೆಡ್‌ಮಾಸ್ತರರೂ ಅಲ್ಲ.

ನಮ್ಮ ಕಥೆಗಳಲ್ಲಿ ಗೆಳತಿಯ ಕೆಲಸವೇನು? ನಾಯಕಿಯ ಪತ್ರ ಮುಟ್ಟಿಸುವುದು, ಮದುವೆಯಲ್ಲಿ ಆರತಿ ಹಿಡಿಯುವುದು. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ತನಗೆ ಬದುಕುವುದೇ ಬೇಡವಾಗಿದೆ ಎಂದು ಜೊತೆಯವಳಿಗೆ ಹೇಳಿ, ಯಾರಿಗೂ ಹೇಳಬಾರದೆಂದು ದೇವರ ಆಣೆ ಹಾಕಿಸಿಕೊಂಡಳು. ಇನ್ನೊಬ್ಬಳಿಗೆ ವಯಸ್ಸು ಹದಿಮೂರು. ಹನ್ನೊಂದು ದಿನ ಆ ಭಾರ ಹೊತ್ತಳು, ಊಟ ಬಿಟ್ಟಳು, ಕೊನೆಗೆ ಆಣೆ ಮುರಿದು ನನ್ನೆದುರು ಅತ್ತಳು. ಮೊದಲನೆಯವಳು ಉಳಿದಳು, ಚಿಕಿತ್ಸೆಯೂ ಆಯಿತು. ಆಣೆ ಮುರಿದವಳಿಗೆ ಸಿಕ್ಕಿದ್ದೇನು? “ಮನೆ ಮಾತು ಬೀದಿಗೆ ತಂದಳು” ಎಂದು ಎರಡೂ ಮನೆಯವರ ಬೈಗುಳ. ಎರಡು ವರ್ಷ ಗೆಳತಿಯೂ ಮಾತಾಡಲಿಲ್ಲ. ಆ ಹದಿಮೂರರ ಹುಡುಗಿ ಮಾಡಿದ್ದು ಸರಿ ಎಂದು ಅವಳಿಗೆ ಹೇಳುವ ಒಂದೇ ಒಂದು ಕಥೆ ಕನ್ನಡದಲ್ಲಿ ನನ್ನ ಕೈಗೆ ಸಿಗಲಿಲ್ಲ. ಗುಟ್ಟು ಕಾಯುವುದೇ ಸ್ನೇಹ ಎಂದು ಕಲಿಸುವ ಕಥೆಗಳು ಬೇಕಾದಷ್ಟಿದ್ದವು.

ಸರ್ಕಾರ ಸುಮ್ಮನಿಲ್ಲ, ನಿಜ. ಹದಿಹರೆಯದವರಿಗಾಗಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇದೆ. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಕಾಸೂ ಬೇಡ. ಗೋಡೆಗೆ ಭಿತ್ತಿಪತ್ರ ಅಂಟಿಸಿದರೆ ಮುಗಿಯಿತೇ? ಫೋನು ಅಪ್ಪನ ಜೇಬಿನಲ್ಲಿರುವಾಗ ಹುಡುಗಿ ಯಾರ ಮನೆಯಿಂದ ಕರೆ ಮಾಡಬೇಕು, ಮೊದಲ ಮಾತು ಏನಾಡಬೇಕು, ಪಕ್ಕದಲ್ಲಿ ಕೂತ ಗೆಳತಿ ಏನು ಮಾಡಬೇಕು ಎಂಬುದನ್ನು ಭಿತ್ತಿಪತ್ರ ಹೇಳಲಾರದು. ಕಥೆ ಹೇಳಬಲ್ಲದು.

ಆದ್ದರಿಂದ ಬರೆಯುವ ಅಕ್ಕಂದಿರೇ, ನೂರು ಪುಟ ಸಾಕು. ಹುಡುಗಿಯರು ನಮ್ಮ ಸೀಮೆಯ ಮಾತೇ ಆಡಲಿ. ದಯವಿಟ್ಟು ಕೊನೆಯಲ್ಲಿ ಡಾಕ್ಟರನನ್ನು ವರನನ್ನಾಗಿ ಮಾಡಬೇಡಿ. ಗೆಳತಿಯನ್ನೂ ಡಾಕ್ಟರು ಮಾಡಬೇಡಿ. ಅವಳು ಜೊತೆಗೆ ಕೂರಲಿ, ಒಬ್ಬ ದೊಡ್ಡವರಿಗೆ ಹೇಳಲಿ, ಆಮೇಲೆ ಹೋಗಿ ಕುಂಟಾಬಿಲ್ಲೆ ಆಡಲಿ. ಅಂಥ ಪುಸ್ತಕ ಅಚ್ಚಾದ ದಿನ ತಿಳಿಸಿ. ನಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹತ್ತು ಪ್ರತಿ ನಾನೇ ಕೊಂಡು ಕೊಡುತ್ತೇನೆ.